ಮನೆಯ ದಫ್ತರ

ನಮ್ಮ ಊರ ಮನೆಯ ಪಡಸಾಲೆಯಲ್ಲಿ, ದೇವರ ಫೋಟೋಗಳ ಸಾಲು ಮುಗಿಯುವ ಕಡೆ, ಗೋಡೆಯ ಮೊಳೆಗೆ ಒಂದು ತಂತಿ ತೂಗುತ್ತಿತ್ತು. ಅದರ ಕೆಳತುದಿಗೆ ಒಂದು ಮರದ ಬಿಲ್ಲೆ. ಮೇಲ್ತುದಿ ಕೊಕ್ಕೆಯಂತೆ ಬಾಗಿ ಚೂಪಾಗಿತ್ತು. ಮನೆಗೆ ಬಂದ ಕಾಗದವನ್ನು ಎಲ್ಲರೂ ಕೇಳುವಂತೆ ಓದಿ, ಉತ್ತರ ಬರೆದಾದ ಮೇಲೆ, ಆ ಮೊನೆಗೆ ಚುಚ್ಚಿ ಕೆಳಕ್ಕೆ ಸರಿಸುವುದು ವಾಡಿಕೆ. ಪೋಸ್ಟ್‌ಕಾರ್ಡು, ಇನ್‌ಲ್ಯಾಂಡು, ಲಗ್ನಪತ್ರಿಕೆ, ಕಂದಾಯದ ಪಾವತಿ, ಅಂಗಡಿಯ ಉದ್ರಿ ಚೀಟಿ ಎಲ್ಲವೂ ಅಲ್ಲಿಯೇ. ಹಳೆಯದು ಕೆಳಗೆ, ಹೊಸದು ಮೇಲೆ. ಯಾವುದಾದರೂ ಹಳೆಯ ಸಂಗತಿ ಬೇಕಾದರೆ ಇಸವಿಯನ್ನು ಯಾರೂ ಕೇಳುತ್ತಿರಲಿಲ್ಲ. ತಂತಿಯ ಮೇಲೆ ಎಷ್ಟು ಗೇಣು ಕೆಳಗಿರಬಹುದು ಎಂದು ಅಂದಾಜು ಹಾಕಿ ಕೈಯಿಡುತ್ತಿದ್ದರು.

ಒಂದು ಬಗೆಯ ಕಾಗದ ಮಾತ್ರ ಆ ತಂತಿಯನ್ನು ಏರುತ್ತಿರಲಿಲ್ಲ. ಸಾವಿನ ಸುದ್ದಿ ಹೊತ್ತ ಕಾರ್ಡನ್ನು ಹೊರಗೇ ಓದಿ, ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಬರುವುದು ಪದ್ಧತಿ. ಶುಭಕಾರ್ಯದ ಪತ್ರಿಕೆಯಾದರೆ ಮೂಲೆಗಳಿಗೆ ಅರಿಷಿಣ ಕುಂಕುಮ ಹಚ್ಚಿಸಿಕೊಂಡೇ ಬರುತ್ತಿತ್ತು. ಅದಕ್ಕೆ ದೇವರ ಮುಂದೆ ಜಾಗ. ಯಾವುದನ್ನು ಇಡಬೇಕು, ಯಾವುದನ್ನು ಇಡಬಾರದು ಎಂಬ ವಿವೇಚನೆ ಓದು ಬರಹ ಬಾರದ ಮನೆಗಳಲ್ಲಿಯೂ ಇತ್ತು ಎಂಬುದಕ್ಕೆ ಈ ಪದ್ಧತಿಯೇ ಸಾಕ್ಷಿ. ಇಂದು ಮುಂಬಯಿ, ಪುಣೆ, ಹೈದರಾಬಾದುಗಳ ಎರಡು ಕೋಣೆಯ ಮನೆಗಳಲ್ಲಿ ಕಪಾಟಿನ ತಲೆಯ ಮೇಲೆ, ಗಾದಿಯ ಕೆಳಗೆ, ಅಡುಗೆಮನೆಯ ಡಬ್ಬಿಯೊಳಗೆ ಕಾಗದಗಳನ್ನು ತುರುಕಿಕೊಂಡು ಬಾಳುತ್ತಿರುವ ನಾವು ಆ ವಿವೇಚನೆಯ ಹಿಂದಿನ ಚರಿತ್ರೆಯನ್ನು ಒಮ್ಮೆ ನೋಡುವುದು ಅಪ್ರಸ್ತುತವಾಗಲಾರದು.

ಮೊದಲಿಗೆ ಮಾತುಗಳನ್ನೇ ನೋಡೋಣ. ‘ಓಲೆ’ ನಮ್ಮದು. ‘ಕಾಗದ’ ಫಾರಸಿಯಿಂದ ಬಂದದ್ದು. ‘ದಫ್ತರ’ವೂ ಅಷ್ಟೇ, ಗ್ರೀಕರಲ್ಲಿ ತೊಗಲು ಎಂಬ ಅರ್ಥವಿದ್ದ ಶಬ್ದವೊಂದು ಫಾರಸಿಯನ್ನು ಹೊಕ್ಕು, ಅಲ್ಲಿಂದ ಆಡಳಿತದ ಜೊತೆಗೆ ನಮ್ಮ ಕುಲಕರ್ಣಿಯ ಮನೆಯವರೆಗೂ ನಡೆದು ಬಂದಿದೆ. ಹಕ್ಕು, ಸನದು, ರಸೀದಿ, ರದ್ದಿ ಎಲ್ಲವೂ ಇದೇ ದಾರಿಯಲ್ಲಿ ಬಂದ ನೆಂಟರೇ. ನಮ್ಮ ಮನೆಗಳಿಗೆ ಕಾಗದ ಬಂದದ್ದು ಸಾಹಿತ್ಯದ ಕೈ ಹಿಡಿದುಕೊಂಡು ಮಾತ್ರವಲ್ಲ, ಸರಕಾರದ ಬೆನ್ನು ಹತ್ತಿಯೂ ಹೌದು ಎಂಬುದನ್ನು ಈ ಮಾತುಗಳು ಹೇಳುತ್ತವೆ.

ಕಾಗದಕ್ಕೆ ಮುಂಚೆ ತಾಳೆಗರಿ ಇತ್ತು, ಕಡತ ಇತ್ತು. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಲಿನ ಪುಡಿ ಬಳಿದು ಒಣಗಿಸಿ, ಕಪ್ಪಾದ ಆ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಯಿತು. ಬಳಪದಿಂದ ಬರೆಯಬಹುದು, ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಕಡತಗಳು ಉಳಿದುಬಂದು ಮಲೆನಾಡಿನ ಆಡಳಿತ, ವ್ಯಾಪಾರ, ಜನಜೀವನಗಳ ಬಗ್ಗೆ ಚರಿತ್ರಕಾರರಿಗೆ ಬಹಳಷ್ಟು ತಿಳಿಸಿವೆ. ತಾಳೆಗರಿಯನ್ನು ಕಾಪಾಡುವುದು ಇನ್ನೂ ಶ್ರಮದ ಕೆಲಸ. ಮಜ್ಜಿಗೆಹುಲ್ಲಿನ ಎಣ್ಣೆ ಸವರಬೇಕು, ಕಟ್ಟು ಸಡಿಲವಾಗದಂತೆ ದಾರ ಬಿಗಿಯಬೇಕು, ಹುಳು ಬೀಳದಂತೆ ಬಜೆಯನ್ನೋ ಬೇವಿನೆಲೆಯನ್ನೋ ಇಡಬೇಕು. ಗರಿ ಜೀರ್ಣವಾದರೆ ಹೊಸ ಗರಿಗೆ ನಕಲು ಮಾಡಿ ಹಳೆಯದನ್ನು ಹೊಳೆಗೆ ಬಿಡುತ್ತಿದ್ದರು. ನಕಲು ಮಾಡುವವರಿಲ್ಲದ ಮನೆಗಳಲ್ಲಿ ಹೊಳೆಗೆ ಬಿಡುವ ಕೆಲಸ ಮಾತ್ರ ನಡೆಯಿತು. ಹೀಗೆ ಎಷ್ಟು ಗ್ರಂಥಗಳು ನೀರು ಪಾಲಾದವೆಂದು ಲೆಕ್ಕ ಹೇಳುವವರು ಯಾರು?

ಉಳಿದವುಗಳ ಕಥೆ ಗೊತ್ತಿದೆ. ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಮನೆಯ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಳೆಗರಿಯ ಕಟ್ಟುಗಳನ್ನು ಬಿಚ್ಚಿಸಿ ಓದಿದರು. ಮನೆಯವರಿಗೆ ಅವು ಪೂಜೆಯ ವಸ್ತು. ಒಳಗೆ ಏನಿದೆಯೆಂಬುದು ಬಹಳ ಕಡೆ ಮರೆತೇ ಹೋಗಿತ್ತು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಮುಂದೆ ತಮ್ಮ ಮನೆಯನ್ನೇ ಮಾರಿ ಅವರು ಮುದ್ರಣಾಲಯ ಹೂಡಿದರು. ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಕಟ್ಟೊಂದರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದರು. ಯಾರದೋ ಮನೆಯಲ್ಲಿ, ಓದುವವರಿಲ್ಲದೆ, ಆದರೂ ಎಸೆಯಲು ಮನಸ್ಸು ಬಾರದೆ ಇಟ್ಟ ಗರಿಗಳು ಅವು.

ಇದು ಗ್ರಂಥಗಳ ಮಾತಾಯಿತು. ಸಾಮಾನ್ಯ ಗೃಹಸ್ಥನ ಮನೆಯಲ್ಲಿ ಕಾಗದಕ್ಕೆ ಭಯವೂ ಬೆಲೆಯೂ ಏಕಕಾಲಕ್ಕೆ ಬಂದದ್ದು ಇನಾಮು ಜಮೀನುಗಳ ವಿಚಾರಣೆಯ ಕಾಲದಲ್ಲಿ. 1818ರಲ್ಲಿ ಪೇಶವೆಯವರ ಆಳಿಕೆ ಮುಗಿದು ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆಗಳು ಇಂಗ್ಲಿಷರ ಕೈಸೇರಿದವು. ತೆರಿಗೆಯಿಲ್ಲದೆ ಅನುಭವಿಸುತ್ತಿದ್ದ ಜಮೀನುಗಳಿಗೆ ಆಧಾರವೇನು ಎಂದು ಹೊಸ ಸರಕಾರ ಕೇಳತೊಡಗಿತು. 1843ರ ಸುಮಾರಿಗೆ ಈ ದಕ್ಷಿಣ ಮರಾಠಾ ಸೀಮೆಯಲ್ಲಿಯೇ ವಿಚಾರಣೆ ಆರಂಭವಾಯಿತು. 1852ರ ಕಾಯಿದೆ ಇನಾಮು ಕಮಿಷನ್ನಿಗೆ ಪೂರ್ಣಾಧಿಕಾರ ಕೊಟ್ಟಿತು. ಅಜ್ಜನ ಅಜ್ಜನಿಗೆ ಕೊಟ್ಟ ಸನದು ಎಲ್ಲಿ? ಮೊಹರು ಎಲ್ಲಿ? ಪುಣೆಯ ದಫ್ತರದಲ್ಲಿ ಅದಕ್ಕೆ ತಾಳೆಯಾಗುವ ನಮೂದು ಇದೆಯೇ? ತಲೆಮಾರುಗಳಿಂದ ಉತ್ತು ಬಿತ್ತಿದ ನೆಲವಾದರೂ ಕಾಗದ ತೋರಿಸಲಾಗದವರು ಅದನ್ನು ಕಳೆದುಕೊಂಡರು. ಗೆದ್ದಲು ತಿಂದ ಸನದು, ಅಣ್ಣತಮ್ಮಂದಿರ ಪಾಲಿನಲ್ಲಿ ಕೈತಪ್ಪಿದ ಸನದು, ಮನೆಗೆ ಬೆಂಕಿ ಬಿದ್ದಾಗ ಸುಟ್ಟ ಸನದು ಇವಕ್ಕೆಲ್ಲ ವಿಚಾರಣೆಯಲ್ಲಿ ಒಂದೇ ಬೆಲೆ. ಈ ಸೀಮೆಯಲ್ಲಿ 1857-58ರ ವೇಳೆಗೆ ಕುದಿಯುತ್ತಿದ್ದ ಅಸಮಾಧಾನಕ್ಕೆ ಇದೂ ಒಂದು ಕಾರಣವೆಂದು ಚರಿತ್ರಕಾರರು ಗುರುತಿಸಿದ್ದಾರೆ. ಕೊನೆಗೆ 1863ರಲ್ಲಿ ಸರಕಾರವೇ ದಾರಿ ಬದಲಿಸಿ, ಆಧಾರಗಳ ಕೂಲಂಕಷ ಶೋಧನೆಯ ಬದಲು ಗೊತ್ತಾದ ಒಂದಿಷ್ಟು ಕಂದಾಯ ಒಪ್ಪಿಕೊಂಡವರಿಗೆ ಜಮೀನನ್ನು ಖಾಯಂ ಮಾಡುವ ಏರ್ಪಾಡು ತಂದಿತು. ಅಷ್ಟರಲ್ಲಿ ಒಂದು ಪಾಠ ಮನೆಮನೆಗೂ ಇಳಿದಿತ್ತು: ನೆಲ ಹೊಲದಲ್ಲಿದ್ದರೆ ಸಾಲದು, ಪೆಟ್ಟಿಗೆಯಲ್ಲಿಯೂ ಇರಬೇಕು.

ಪುಣೆಯಲ್ಲಿರುವ ನಮ್ಮ ಬಂಧುಗಳು ಆ ಪೇಶವೆ ದಫ್ತರದ ಹೆಸರು ಕೇಳಿರುತ್ತಾರೆ. ಅಲ್ಲಿ ಮೋಡಿ ಲಿಪಿಯ ಕಾಗದಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದಾರೆ. ಒಂದೊಂದು ಗಂಟಿಗೂ ‘ರುಮಾಲು’ ಎಂದು ಹೆಸರು. ಅಂತಹ ರುಮಾಲುಗಳು ಸಾವಿರ ಸಾವಿರ ಇವೆ. 1930ರಿಂದ 1934ರವರೆಗೆ ಗೋ. ಸ. ಸರದೇಸಾಯಿಯವರು ಅವುಗಳಿಂದ ಆರಿಸಿ 45 ಸಂಪುಟಗಳನ್ನು ಪ್ರಕಟಿಸಿದರು. ನಮ್ಮ ಹಳ್ಳಿಗಳಲ್ಲಿಯೂ ಕುಲಕರ್ಣಿ ಅಥವಾ ಶಾನುಭೋಗರ ಮನೆಯ ಅಟ್ಟದ ಮೇಲೆ ಇದೇ ರೀತಿಯ ಗಂಟುಗಳಿರುತ್ತಿದ್ದವು. ಊರಿನ ಲೆಕ್ಕ ಮತ್ತು ಮನೆಯ ಲೆಕ್ಕ ಒಂದೇ ಸೂರಿನಡಿ. ವಂಶಪಾರಂಪರ್ಯದ ಈ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ತೆಗೆದುಹಾಕಿದಾಗ ಸರಕಾರಕ್ಕೆ ಬೇಕಾದ ಪುಸ್ತಕಗಳು ಕಚೇರಿಗೆ ಹೋದವು. ಬೇಡವಾದವುಗಳಲ್ಲಿ ಎಷ್ಟೋ ಗಂಟುಗಳು ಅಟ್ಟದಿಂದ ಬಚ್ಚಲೊಲೆಗೆ ಇಳಿದವು.

ಇನ್ನು ಅಂಚೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಏರ್ಪಡಿಸಿದ ಅಂಚೆ ವ್ಯವಸ್ಥೆ 1889ರವರೆಗೆ ಬೇರೆಯಾಗಿಯೇ ನಡೆದು, ಆಮೇಲೆ ಇಂಗ್ಲಿಷರ ಅಂಚೆಯಲ್ಲಿ ಸೇರಿತು. ಅದು ಅರಮನೆಗೆ ಸುದ್ದಿ ತರುವ ಕೆಲಸವನ್ನೂ ಮಾಡುತ್ತಿತ್ತು. ಬಡವನ ಮನೆಗೆ ಕಾಗದ ಬರತೊಡಗಿದ್ದು ದರ ಇಳಿದ ಮೇಲೆ. 1854ರಲ್ಲಿ ದೇಶಕ್ಕೆಲ್ಲ ಒಂದೇ ದರ ಬಂದಿತು. ಕಾಲು ತೊಲದ ಕಾಗದಕ್ಕೆ ಅರ್ಧಾಣೆ. 1879ರ ಜುಲೈ 1ರಂದು ಕಾಲಾಣೆಯ ಪೋಸ್ಟ್‌ಕಾರ್ಡು ಬಂದಿತು. ಕಾಲಾಣೆಗೆ ಕ್ಷೇಮಸಮಾಚಾರ! ಗೋಡೆಯ ಮೇಲಿನ ತಂತಿ ತುಂಬತೊಡಗಿದ್ದು ಈ ಕಾರ್ಡಿನಿಂದಲೇ ಎಂದರೆ ತಪ್ಪಾಗದು. ಅದರಲ್ಲಿ ಗುಟ್ಟು ಬರೆಯುವಂತಿರಲಿಲ್ಲ. ಅಂಚೆಯವನೇ ಮೊದಲ ಓದುಗ. ಗುಟ್ಟಿಗೆ ಲಕೋಟೆ ದುಬಾರಿಯಾಯಿತು ಎನ್ನುವವರಿಗಾಗಿ 1950ರಲ್ಲಿ ಇನ್‌ಲ್ಯಾಂಡು ಬಂದಿತು. 1972ರ ಆಗಸ್ಟ್ 15ರಿಂದ ವಿಳಾಸದ ಕೊನೆಗೆ ಆರಂಕಿಯ ಪಿನ್ ಕೋಡು ಸೇರಿತು.

ಊರು ಬಿಟ್ಟವರ ಪಾಲಿಗೆ ಇವೆಲ್ಲಕ್ಕಿಂತ ದೊಡ್ಡದು ಮನಿಯಾರ್ಡರು. 1880ರ ಜನವರಿ 1ರಿಂದ ಅಂಚೆ ಕಚೇರಿ ಈ ಸೇವೆ ಆರಂಭಿಸಿತು. ಮುಂಬಯಿಯ ಮಿಲ್ಲಿನಲ್ಲಿ, ಹೋಟೆಲಿನಲ್ಲಿ, ಬಂದರಿನಲ್ಲಿ ದುಡಿದ ಹಣ ಕರಾವಳಿಗೂ ಬಯಲುಸೀಮೆಗೂ ಹರಿದದ್ದು ಈ ಕಾಲುವೆಯಲ್ಲಿ. ಫಾರಮಿನ ಕೆಳಗಿನ ತುಂಡಿನಲ್ಲಿ ನಾಲ್ಕು ಸಾಲು ಬರೆಯಲು ಜಾಗ. ಅದು ಹಣ ಪಡೆದವರಿಗೆ. ಇನ್ನೊಂದು ತುಂಡು, ಪಡೆದವರ ರುಜು ಅಥವಾ ಹೆಬ್ಬೆರಳಿನ ಗುರುತು ಹೊತ್ತು, ಕಳಿಸಿದವನಿಗೆ ತಿರುಗಿ ಬರುತ್ತಿತ್ತು. ಹಣ ಮುಟ್ಟಿತು ಎಂಬುದಕ್ಕೆ ಅದು ರಸೀದಿ. ತಾಯಿ ಬದುಕಿದ್ದಾಳೆ ಎಂಬುದಕ್ಕೂ ಅದೇ ರಸೀದಿ. ಆ ಹಳೆಯ ಬಗೆಯ ಮನಿಯಾರ್ಡರು 2015ರಲ್ಲಿ ನಿಂತಿತು.

ಮಹಾನಗರಕ್ಕೆ ಬಂದ ಮೇಲೆ ಕಾಗದಗಳ ಜಾತಿಯೇ ಬದಲಾಯಿತು. 1943ರಲ್ಲಿ ಮುಂಬಯಿಗೆ ಧಾನ್ಯದ ಪಡಿತರ ಬಂದಿತು. ಅಕ್ಕಿ ಸಕ್ಕರೆಗಾಗಿ ಕೊಟ್ಟ ರೇಶನ್ ಕಾರ್ಡು ಕಾಲಕ್ರಮದಲ್ಲಿ ‘ನಾನು ಇಲ್ಲಿಯವನು’ ಎಂಬುದಕ್ಕೆ ಸಾಕ್ಷಿಪತ್ರವೇ ಆಗಿಬಿಟ್ಟಿತು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಚಾಳಿನ ಖೋಲಿಯ ಬಾಡಿಗೆಯನ್ನು ಕಟ್ಟಿಹಾಕಿದ್ದರಿಂದ ಹತ್ತು ಇಪ್ಪತ್ತು ರೂಪಾಯಿಯ ಬಾಡಿಗೆ ಪಾವತಿಗೆ ಲಕ್ಷಗಳ ಬೆಲೆ ಬಂದಿತು. 1976ರಲ್ಲಿ ಸರಕಾರ ಝೋಪಡಿಗಳ ಗಣತಿ ನಡೆಸಿ ಫೋಟೋಪಾಸು ಕೊಟ್ಟಿತು. ಮುಂದೆ 1995ರ ಜನವರಿ 1ರ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಇಲ್ಲವೇ ಎಂಬುದರ ಮೇಲೆ ಒಂದು ಸಂಸಾರಕ್ಕೆ ಪಕ್ಕಾ ಮನೆ ಸಿಗುವುದೋ ಬಿಡುವುದೋ ನಿರ್ಧಾರವಾಗುವ ಕಾಲ ಬಂದಿತು.

ಗಿರಣಿ ಕಾರ್ಮಿಕರ ಕಥೆ ಇನ್ನೂ ಮನಕರಗಿಸುವಂಥದು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಬಹಳಷ್ಟು ಮಂದಿಗೆ ಕೆಲಸ ಮತ್ತೆ ಸಿಗಲೇ ಇಲ್ಲ. ಬಾಗಿಲು ಮುಚ್ಚಿದ ಮಿಲ್ಲುಗಳ ಜಾಗದಲ್ಲಿ ಬೇರೆ ಕಟ್ಟಡಗಳೆದ್ದವು. ಆ ಜಮೀನಿನ ಒಂದು ಪಾಲಿನಲ್ಲಿ ಹಳೆಯ ಕಾರ್ಮಿಕರಿಗೆ ಮನೆ ಕೊಡುವುದೆಂದಾಗಿ, 2012ರಲ್ಲಿ 6,925 ಮನೆಗಳಿಗೆ ಚೀಟಿ ಎತ್ತಿದರು. ಅರ್ಹತೆಗೆ 1982ರ ಜನವರಿ 1ರಂದು ಅಥವಾ ಆನಂತರ ಮಿಲ್ಲಿನ ಪಟದಲ್ಲಿ ಇದ್ದುದಕ್ಕೆ ಆಧಾರ ಬೇಕು: ಟಿಕೇಟು, ಹಾಜರಿ ಕಾರ್ಡು, ಪಗಾರ ಚೀಟಿ, ಪ್ರಾವಿಡೆಂಟ್ ಫಂಡಿನ ನಂಬರು, ಇ.ಎಸ್.ಐ. ಕಾರ್ಡು. ಮೂವತ್ತು ವರ್ಷದ ಹಿಂದೆ, ಕೆಲಸ ಹೋದ ದುಃಖದಲ್ಲಿ, ‘ಇನ್ನು ಇದರಿಂದೇನು’ ಎಂದು ಪಗಾರ ಚೀಟಿಗಳನ್ನು ಹರಿದು ಹಾಕಿದವನನ್ನು ತಪ್ಪಿತಸ್ಥನೆನ್ನಲು ಬಾಯಿ ಬರುವುದೇ?

ಊರಿನಲ್ಲಿಯೂ ಇದೇ ಕಾಲದಲ್ಲಿ ಕಾಗದ ಪರೀಕ್ಷೆಗೆ ನಿಂತಿತ್ತು. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಗೇಣಿದಾರರು ಏಳನೆಯ ನಮೂನೆಯ ಅರ್ಜಿ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಒಡೆಯ ರಸೀದಿ ಕೊಡದಿದ್ದರೆ ಒಕ್ಕಲಿನ ಕೈಯಲ್ಲಿ ಕಾಗದ ಎಲ್ಲಿಂದ ಬರಬೇಕು? ಅಂಥವರಿಗೆ ಪಹಣಿಯ ಒಂದು ಸಾಲು, ನೆರೆಹೊಲದವನ ಬಾಯಿಮಾತು ಇವೇ ಗತಿ. ಮುಂಬಯಿಗೆ ಬಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ಎಷ್ಟೋ ಹುಡುಗರ ತಂದೆತಾಯಿ ಆ ದಿನ ಒಡೆಯರಾದರು. ಭೂಮಿಯ ಆಸೆಯಿಂದಲೇ ನಗರದಲ್ಲಿ ಕೂಡಿಟ್ಟಿದ್ದ ಬೇರೆ ಎಷ್ಟೋ ಮನೆತನಗಳು ಅದೇ ದಿನ ಭೂಮಿ ಕಳೆದುಕೊಂಡವು. ಎರಡೂ ಕಡೆಯವರು ತಡಕಾಡಿದ್ದು ಟ್ರಂಕನ್ನೇ.

ಈಗ ನನ್ನ ಸ್ವಂತದ ಒಂದು ಮಾತು. ನಮ್ಮ ಕಾಕಾ 1950ರ ದಶಕದಲ್ಲಿ ಮುಂಬಯಿಗೆ ಬಂದು ಹಿಡಿದ ಖೋಲಿಯಲ್ಲಿಯೇ ನಾನು ಓದಿ ಬೆಳೆದೆ. ಗೋಡೆಯ ಹಲಗೆಯ ಮೇಲೆ ಅವರದೊಂದು ಬಿಸ್ಕತ್ತಿನ ಡಬ್ಬಿ. ಹುಡುಗತನದಲ್ಲಿ ಒಮ್ಮೆ ಅದನ್ನು ಇಳಿಸಲು ಹೋದಾಗ ಅವರು, “ಏ ತಮ್ಮಾ, ಅದನ್ನ ಮುಟ್ಟಬ್ಯಾಡ. ಅದರಾಗ ನಮ್ಮ ಖೋಲಿ ಅದ” ಎಂದಿದ್ದರು. ಖೋಲಿಯೊಳಗೆ ಡಬ್ಬಿಯಿರುವುದೋ ಡಬ್ಬಿಯೊಳಗೆ ಖೋಲಿಯಿರುವುದೋ ಎಂದು ನಾವು ನಕ್ಕಿದ್ದೆವು. ಅವರು ತೀರಿಕೊಂಡ ಮೇಲೆ, ಒಂದು ದೀಪಾವಳಿಯ ಮುಂದೆ ಮನೆ ಸಾರಿಸುವಾಗ, ಕಾಗದ ಹೆಚ್ಚಾಯಿತೆಂದು ಒಂದು ಕಟ್ಟನ್ನು ರದ್ದಿಯವನ ತಕ್ಕಡಿಗೆ ಹಾಕಿದವನು ನಾನೇ. ಚಾಳನ್ನು ಕೆಡವಿ ಹೊಸ ಕಟ್ಟಡ ಕಟ್ಟುವ ಮಾತು ಬಂದಾಗ ಮೊದಲಿನಿಂದಲೂ ಬಾಡಿಗೆ ಪಾವತಿ ತೋರಿಸಿರೆಂದರು. ಡಬ್ಬಿಯಲ್ಲಿ ಎಲ್ಲ ಇತ್ತು, ನಡುವಿನ ಮೂರು ವರ್ಷದ್ದು ಮಾತ್ರ ಇರಲಿಲ್ಲ. ರೇಶನ್ ಕಾರ್ಡು, ಹಳೆಯ ವಿದ್ಯುತ್ ಬಿಲ್ಲು, ನನ್ನ ಶಾಲೆಯ ದಾಖಲೆ ಎಲ್ಲ ಕೂಡಿಸಿ ಆ ಮೂರು ವರ್ಷವನ್ನು ತುಂಬಿಕೊಡುವಷ್ಟರಲ್ಲಿ ಹದಿನಾಲ್ಕು ತಿಂಗಳು ಓಡಾಡಿದೆ. ರದ್ದಿಯವನು ಅಂದು ಕೊಟ್ಟ ಹಣದಲ್ಲಿ ಮನೆಮಂದಿಗೆಲ್ಲ ಒಂದೊಂದು ವಡಾಪಾವ್ ಬಂದಿತ್ತು.

ಹಾಗೆಂದು ಎಲ್ಲವನ್ನೂ ಇಟ್ಟುಕೊಂಡರೆ ಏನಾಗುತ್ತದೆ? ಬೇಕಾದ ಕಾಗದ ಬೇಡವಾದವುಗಳ ಅಡಿಯಲ್ಲಿ ಹೂತು, ಇದ್ದರೂ ಇಲ್ಲದಂತಾಗುತ್ತದೆ. ಹಳಬರ ಪದ್ಧತಿಯಲ್ಲಿ ಇದಕ್ಕೂ ಉಪಾಯವಿತ್ತು. ವ್ಯಾಪಾರಸ್ಥರು ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಸ ಖಾತೆಪುಸ್ತಕ ತೆರೆಯುತ್ತಿದ್ದರು. ಹಳೆಯದು ಅಟ್ಟ ಸೇರುತ್ತಿತ್ತು. ಕಾಗದಗಳನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ದೂಳು ಕೊಡವಿ, ಮತ್ತೆ ಬಟ್ಟೆಯಲ್ಲಿ ಕಟ್ಟುವುದಿತ್ತು. ಕೊಡವುವಾಗಲೇ ಓದುವುದು, ಓದುವಾಗಲೇ ಆರಿಸುವುದು. ಆ ಆರಿಕೆಯ ರೀತಿಯನ್ನು ನಮ್ಮ ಇಂದಿನ ಮನೆಗಳಿಗೆ ಹೊಂದಿಸಿ ಹೀಗೆ ಹೇಳಬಹುದು. ಮನೆ, ಹೊಲ, ಹುಟ್ಟು, ಮದುವೆ, ಮರಣ, ಓದು, ನೌಕರಿ ಇವುಗಳಿಗೆ ಸಂಬಂಧಿಸಿದ್ದು ಹಕ್ಕಿನ ಕಾಗದ; ಅದು ತಲೆಮಾರು ದಾಟಬೇಕು. ಬಿಲ್ಲು, ಪಾವತಿ, ತೆರಿಗೆಯ ಲೆಕ್ಕ ಇವು ಲೇವಾದೇವಿಯ ಕಾಗದ. ವಾಯಿದೆ ಇರುವಷ್ಟು ವರ್ಷ ಇದ್ದರೆ ಸಾಕು. ಬಾಡಿಗೆ ಪಾವತಿ ಮಾತ್ರ ಲೇವಾದೇವಿಯ ವೇಷದಲ್ಲಿರುವ ಹಕ್ಕಿನ ಕಾಗದವೆಂದು ಮರೆಯಬಾರದು. ನಾನು ಎಡವಿದ್ದು ಅಲ್ಲಿಯೇ. ಇನ್ನು ಜಾಹೀರಾತು, ಆಮಂತ್ರಣ, ಮುಗಿದ ಸಮಾರಂಭದ ಕರಪತ್ರ ಇವನ್ನು ಒಳಗೆ ಬರಗೊಡದೆ ಬಾಗಿಲಲ್ಲಿಯೇ ಬೀಳ್ಕೊಡುವುದು ಲೇಸು.

“ಈಗ ಎಲ್ಲಾ ಮೊಬೈಲಿನಾಗ ಅದ, ಕಾಗದದ ಕಾಲ ಮುಗೀತು” ಎಂದು ಮಕ್ಕಳು ಹೇಳುತ್ತಾರೆ. ಅರ್ಧ ನಿಜ. ಕರ್ನಾಟಕದಲ್ಲಿ ಎರಡು ಕೋಟಿಯಷ್ಟು ಪಹಣಿಗಳು ‘ಭೂಮಿ’ ಯೋಜನೆಯಿಂದ ಗಣಕಯಂತ್ರ ಸೇರಿ ಎರಡು ದಶಕಗಳ ಮೇಲಾಯಿತು. 2015ರಲ್ಲಿ ಡಿಜಿಲಾಕರ್ ಬಂದಿತು. 2025ರಲ್ಲಿ ರಿಜಿಸ್ಟರ್ ಅಂಚೆಯೂ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಆದರೆ ಇನಾಮು ಕಮಿಷನ್ನಿನ ಪ್ರಶ್ನೆ ಹೋಗಿಲ್ಲ, ರೂಪ ಬದಲಿಸಿದೆ ಅಷ್ಟೇ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುವ ಏರ್ಪಾಡು 2014ರಿಂದ ಇದೆ. ಏಳು ವರ್ಷ ಲಾಭಾಂಶ ಕೇಳದ ಷೇರುಗಳು ಸರಕಾರದ ಇನ್ನೊಂದು ನಿಧಿ ಸೇರುತ್ತವೆ. ವಾರಸುದಾರರು ಕೇಳಿ ಪಡೆಯಬಹುದು ನಿಜ, ಆದರೆ ಕೇಳಬೇಕಾದರೆ ಇತ್ತೆಂದು ಗೊತ್ತಿರಬೇಕು. ಅಪ್ಪನ ಖಾತೆ ಎಲ್ಲಿತ್ತು, ಗುಪ್ತಪದ ಏನು ಎಂದು ತಿಳಿಯದ ಮಗ, ಸನದು ಎಲ್ಲಿದೆಯೆಂದು ತಿಳಿಯದ ಅಂದಿನ ಇನಾಮದಾರನ ಹಾಗೆಯೇ ನಿಲ್ಲಬೇಕಾದೀತು. ಆದ್ದರಿಂದ ಪ್ರತಿ ಮನೆಯ ಹಿರಿಯರು ಒಂದು ಹಾಳೆಯ ಮೇಲೆ ಯಾವುದು ಎಲ್ಲಿದೆ ಎಂದು ಬರೆದು, ಆ ಹಾಳೆ ಎಲ್ಲಿದೆಯೆಂದು ಮನೆಯಲ್ಲಿ ಇಬ್ಬರಿಗಾದರೂ ಹೇಳಿಡುವುದು ಒಳ್ಳೆಯದು. ಈ ದೀಪಾವಳಿಗೆ ಸಂಘದ ಓದುಗರು ಇದೊಂದು ಕೆಲಸ ಮಾಡಿದರೆ ಈ ಬರಹ ಸಾರ್ಥಕವಾಯಿತೆಂದು ತಿಳಿಯುವೆ.

ಇನ್ನೊಂದು ಬಗೆಯ ಕಾಗದದ ಮಾತು ಉಳಿಯಿತು. ಕಾಕಾನ ಡಬ್ಬಿಯ ತಳದಲ್ಲಿ, ಪಾವತಿಗಳ ಕೆಳಗೆ, ದಾರ ಕಟ್ಟಿದ ಒಂದು ಸಣ್ಣ ಕಟ್ಟು ಸಿಕ್ಕಿತು. ಊರಿಗೆ ಕಳಿಸಿದ ಮನಿಯಾರ್ಡರುಗಳ ಮರಳಿ ಬಂದ ತುಂಡುಗಳು. ತಿಂಗಳಿಗೊಂದರಂತೆ ಹನ್ನೊಂದು ವರ್ಷದವು. ಒಂದೊಂದರ ಮೇಲೂ ಅಜ್ಜಿಯ ಎಡ ಹೆಬ್ಬೆರಳಿನ ಗುರುತು. ಮೊದಮೊದಲಿನವುಗಳಲ್ಲಿ ಗೆರೆಗಳು ಒತ್ತಾಗಿ, ಸ್ಪಷ್ಟವಾಗಿವೆ. ಬರಬರುತ್ತ ಸವೆದು, ಕೊನೆಯ ಒಂದೆರಡರಲ್ಲಿ ಬರೀ ಮಸಿಯ ಕಲೆ. ಹಕ್ಕಿಗೂ ಲೆಕ್ಕಕ್ಕೂ ಅವು ಈಗ ಏನೂ ಅಲ್ಲ. ನಾನೇ ಮೇಲೆ ಹೇಳಿದ ನಿಯಮದ ಪ್ರಕಾರ ರದ್ದಿಗೆ ಹೋಗಬೇಕಾದವು. ಊರ ಮನೆಯ ಆ ತಂತಿಯನ್ನು, ಗೋಡೆಗೆ ಹೊಸ ಗಿಲಾವು ಮಾಡಿಸುವಾಗ ಇಳಿಸಿ, ಅದರಲ್ಲಿದ್ದ ಕಾಗದಗಳನ್ನು ನೀರು ಕಾಯಿಸಲು ಒಲೆಗೆ ಹಾಕಿದರೆಂದು ಆಮೇಲೆ ತಿಳಿಯಿತು. ಅಜ್ಜಿಯ ಫೋಟೋ ನಮ್ಮಲ್ಲಿ ಒಂದೂ ಇಲ್ಲ. ಹೊಸ ಮನೆಯಲ್ಲಿ ನಾನು ಮೊದಲು ತಂದಿಟ್ಟದ್ದು ಆ ಕಟ್ಟನ್ನು.